ಕೂರಲಾಗದ ನೋವು, ಹೇಳಲಾಗದ ಜಾಗ

ಮಹಾಲಕ್ಷ್ಮಿ ಗುಡಿಯಿಂದ ಹೆಸರಾದ ಕಲ್ಲೂರಿನಿಂದ ರಾಯಚೂರಿನ ಕಡೆ ಹೋಗಿ, ಮಾನ್ವಿ ಕಡೆ ಹೋಗಿ, ದೇವದುರ್ಗದ ಕಡೆ ಹೋಗಿ, ರಸ್ತೆಬದಿಯ ಗೋಡೆಗಳು ಹೇಳುವುದು ಹೆಚ್ಚುಕಡಿಮೆ ಒಂದನ್ನೇ. ಹತ್ತಿಬೀಜ, ಸಿಮೆಂಟು, ಬೋರ್‌ವೆಲ್ಲು. ಅವುಗಳ ನಡುವೆ ‘ಮೂಲವ್ಯಾಧಿ, ಫಿಶರ್, ಭಗಂದರ: ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ’ ಎಂಬ ಬರಹ, ಅದರ ಕೆಳಗೊಂದು ಮೊಬೈಲ್ ನಂಬರು. ಮೂರು ಬೇರೆ ಬೇರೆ ಕಾಯಿಲೆ, ಗೋಡೆ ಒಂದೇ, ಮದ್ದೂ ಒಂದೇ. ಈ ಮೂರರಲ್ಲಿ ಮೊದಲನೆಯದು ಎಲ್ಲರ ಬಾಯಲ್ಲೂ ಇದೆ. ಮೂರನೆಯದನ್ನು ಹಳಬರು ಕೇಳಿ ಬಲ್ಲರು. ನಡುವಿನದಕ್ಕೆ ಜನರ ಬಾಯಲ್ಲಿ ಹೆಸರಿಲ್ಲ, ಆದರೆ ಮನುಷ್ಯನನ್ನು ಕೂತಲ್ಲಿಂದ ಎಬ್ಬಿಸಿ ನಿಲ್ಲಿಸುವ ನೋವು ಬಹಳ ಸಲ ಅದರದೇ.

ಈ ಸೀಮೆಯಲ್ಲಿ ಆ ಜಾಗದಲ್ಲಿ ಏನಾದರೂ ಅದು ಪೈಲ್ಸೇ, ಅಂದರೆ ಮೂಲವ್ಯಾಧಿಯೇ. ಉರಿದರೂ ಪೈಲ್ಸ್, ಸೋರಿದರೂ ಪೈಲ್ಸ್, ಗಂಟು ಸಿಕ್ಕರಂತೂ ಸಂಶಯವೇ ಬೇಡ. ಆಸ್ಪತ್ರೆಗೆ ಬಂದವರು ಲಕ್ಷಣ ಹೇಳುವುದಿಲ್ಲ, ಕಾಯಿಲೆಯ ಹೆಸರನ್ನೇ ಹೇಳುತ್ತಾರೆ: ‘ಪೈಲ್ಸ್ ಆಗ್ಯಾವ್ರಿ ಸರ, ಗುಳಿಗಿ ಬರದುಕೊಡ್ರಿ.’ ಕೇಳುವವರಿಗೂ ಹೊರಗೆ ಸಾಲು ಕಾಣುತ್ತಿರುತ್ತದೆ. ನೋಡದೆಯೇ ಚೀಟಿ ಬರೆದುಕೊಟ್ಟರೆ ಇಬ್ಬರಿಗೂ ಮುಜುಗರ ತಪ್ಪಿತು. ತಿಂಗಳ ಮೇಲೆ ಅದೇ ಮನುಷ್ಯ ಇನ್ನಷ್ಟು ಸೊರಗಿ ಬರುತ್ತಾನೆ.

ಹಾಗಾದರೆ ಫಿಶರ್ ಅಂದರೇನು? ಗುದದ್ವಾರದ ಒಳಅಂಚಿನ ಚರ್ಮದಲ್ಲಿ ಬಿದ್ದ ಒಂದು ಸೀಳು, ಅಷ್ಟೆ. ಉದ್ದ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ಇಷ್ಟು ಸಣ್ಣ ಗಾಯ ಇಷ್ಟು ದೊಡ್ಡ ಮನುಷ್ಯನನ್ನು ಬಗ್ಗಿಸುವುದಕ್ಕೆ ಕಾರಣ ಅದು ಬಿದ್ದಿರುವ ಜಾಗ. ಗುದನಾಳ ಸುಮಾರು ಮೂರು ನಾಲ್ಕು ಸೆಂಟಿಮೀಟರ್ ಉದ್ದದ್ದು. ಅದರ ಮಧ್ಯದಲ್ಲೊಂದು ಗಡಿರೇಖೆ ಇದೆ. ಗಡಿಯ ಮೇಲಿನದು ಕರುಳಿನ ಒಳಪೊರೆ, ಅಲ್ಲಿ ಸೂಜಿ ಚುಚ್ಚಿದರೂ ಹೆಚ್ಚು ತಿಳಿಯುವುದಿಲ್ಲ. ಗಡಿಯ ಕೆಳಗಿನದು ಚರ್ಮ. ಬೆರಳತುದಿಯಂಥ ಸೂಕ್ಷ್ಮ ನರಗಳು ಅಲ್ಲಿ ತುಂಬಿವೆ. ಒಳಗಿನ ಮೂಲವ್ಯಾಧಿ ಹುಟ್ಟುವುದು ಗಡಿಯ ಮೇಲೆ, ಆದ್ದರಿಂದ ಅದು ರಕ್ತ ಸುರಿಸುತ್ತದೆ, ಸಾಮಾನ್ಯವಾಗಿ ನೋಯಿಸುವುದಿಲ್ಲ. ಫಿಶರ್ ಬೀಳುವುದು ಗಡಿಯ ಕೆಳಗೆ. ರಕ್ತ ಬಂದರೂ ಮಲದ ಮೇಲೆ ಒಂದು ಗೀರು ಇಲ್ಲವೆ ನಾಲ್ಕು ಹನಿ, ನೋವು ಮಾತ್ರ ಬ್ಲೇಡಿನಿಂದ ಕೊಯ್ದಂಥದ್ದು.

ಆ ನೋವಿಗೆ ಒಂದು ವೇಳಾಪಟ್ಟಿಯೂ ಇದೆ. ಮಲ ಹೊರಬರುವಾಗ ಗಾಜಿನ ಚೂರು ಹಾದುಹೋದಂತೆ ಕೊಯ್ಯುತ್ತದೆ. ಆಮೇಲೆ ಕೆಲ ನಿಮಿಷ ಸುಮ್ಮನಾಗಬಹುದು. ನಂತರ ಒಳಗೆಲ್ಲೋ ಹಿಂಡಿದಂತೆ, ಸೆಳೆದಂತೆ ಇನ್ನೊಂದು ಬಗೆಯ ನೋವು ಶುರುವಾಗಿ ಗಂಟೆಗಟ್ಟಲೆ ನಿಲ್ಲುತ್ತದೆ. ಮೊದಲನೆಯದು ಸೀಳಿನ ನೋವು, ಎರಡನೆಯದು ಸ್ನಾಯುವಿನದು. ಈ ಎರಡನೆಯದನ್ನು ಅರ್ಥಮಾಡಿಕೊಂಡರೆ ಚಿಕಿತ್ಸೆಯೆಲ್ಲ ಅರ್ಥವಾದ ಹಾಗೆ.

ಗುದದ್ವಾರಕ್ಕೆ ಎರಡು ಬಳೆಯಾಕಾರದ ಸ್ನಾಯುಗಳಿವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ; ಬಸ್ಸಿನಲ್ಲಿ ತಡೆಹಿಡಿದು ಕೂರುವಾಗ ಬಿಗಿಯುವುದು ಅದೇ. ಒಳಗಿನದು ಯಾರ ಮಾತನ್ನೂ ಕೇಳುವುದಿಲ್ಲ, ನಿದ್ದೆಯಲ್ಲೂ ಬಿಗಿಯಾಗಿಯೇ ಇರುತ್ತದೆ. ಸೀಳು ಬಿದ್ದ ಕೂಡಲೇ ಈ ಒಳಸ್ನಾಯು ಗಾಬರಿಬಿದ್ದಂತೆ ಮತ್ತಷ್ಟು ಬಿಗಿಯುತ್ತದೆ. ಬಿಗಿದರೆ ಆ ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ. ರಕ್ತವಿಲ್ಲದೆ ಗಾಯ ಮಾಯುವುದಿಲ್ಲ. ಮಾಯದ ಗಾಯ ಮಾರನೆಯ ಬೆಳಿಗ್ಗೆ ಮತ್ತೆ ಹರಿಯುತ್ತದೆ, ಸ್ನಾಯು ಮತ್ತೆ ಬಿಗಿಯುತ್ತದೆ. ನಮ್ಮ ಕಡೆಯ ಎರೆಹೊಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮೊದಲ ಮಳೆಗೆ ಮುಚ್ಚಿಕೊಳ್ಳುತ್ತದೆ. ಈ ಬಿರುಕು ಹಾಗೆ ತಾನಾಗಿ ಮುಚ್ಚಲು ಒಲ್ಲೆನ್ನುವುದು ಒಳಸ್ನಾಯುವಿನ ಈ ಬಿಗಿತದಿಂದ.

ಸೀಳು ಎಲ್ಲೆಂದರಲ್ಲಿ ಬೀಳುವುದೂ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಹಿಂಬದಿಯ ನಡುಗೆರೆಯಲ್ಲಿ, ಬಾಲಮೂಳೆಯ ಕಡೆಗೆ. ಹೆಂಗಸರಲ್ಲಿ ಕೆಲವೊಮ್ಮೆ ಮುಂಬದಿಯ ನಡುಗೆರೆಯಲ್ಲಿ. 1989ರಲ್ಲಿ ಜರ್ಮನಿಯ ಸಂಶೋಧಕರು ಮೃತದೇಹಗಳಲ್ಲಿ ಆ ಭಾಗದ ರಕ್ತನಾಳಗಳನ್ನು ಬಿಡಿಸಿ ನೋಡಿದಾಗ, ಬಹುಪಾಲು ಜನರಲ್ಲಿ ಹಿಂಬದಿಯ ನಡುಗೆರೆಗೆ ರಕ್ತಪೂರೈಕೆ ತೆಳುವಾಗಿರುವುದು ಕಂಡಿತು. ಮೊದಲೇ ಕಾಲುವೆಯ ಕೊನೆಯಂಚು; ಅದರ ಮೇಲೆ ಸ್ನಾಯುವೂ ಬಿಗಿದರೆ ನೀರು ಎಲ್ಲಿಂದ ಬಂದೀತು?

ಇಷ್ಟು ಶರೀರದ ಮಾತಾಯಿತು. ಮನಸ್ಸಿನದು ಇದರ ಬೆನ್ನಿಗೇ ಇದೆ. ನೋವು ನೆನೆದು ಮನುಷ್ಯ ಸಂಡಾಸಕ್ಕೆ ಹೋಗುವುದನ್ನೇ ಮುಂದೂಡುತ್ತಾನೆ. ಹೋಗಬಾರದೆಂದು ಊಟ ಕಡಿಮೆ ಮಾಡುತ್ತಾನೆ. ದೊಡ್ಡಕರುಳು ತನ್ನಲ್ಲಿ ನಿಂತ ಮಲದಿಂದ ನೀರು ಹೀರುತ್ತಲೇ ಇರುತ್ತದೆ. ಮೂರು ದಿನ ತಡೆದದ್ದು ನಾಲ್ಕನೆಯ ದಿನ ಕಲ್ಲಾಗಿ ಬರುತ್ತದೆ. ಚಿಕ್ಕ ಮಕ್ಕಳಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಒಂದು ಸಲ ನೊಂದ ಮಗು ಕಾಲು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಮೂಲೆಯಲ್ಲಿ ನಿಂತುಬಿಡುತ್ತದೆ. ಮುಕ್ಕುತ್ತಿದೆ ಎಂದು ತಾಯಿ ತಿಳಿಯುತ್ತಾಳೆ. ಅದು ತಡೆಯುತ್ತಿರುತ್ತದೆ.

ಈಗ ಊಟದ ಮಾತು. ರಾಯಚೂರು ಜಿಲ್ಲೆ ಕೃಷ್ಣೆ ತುಂಗಭದ್ರೆಯರ ನಡುವಿನ ಜೋಳದ ನಾಡು. ಬಿಳಿಜೋಳದ ರೊಟ್ಟಿ, ಸಜ್ಜಿರೊಟ್ಟಿ, ಪುಂಡಿಪಲ್ಯ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ. ಇದಕ್ಕಿಂತ ಒಳ್ಳೆಯ ನಾರಿನ ಊಟವನ್ನು ಯಾವ ಆಹಾರತಜ್ಞನೂ ಬರೆದುಕೊಡಲಾರ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿತು, ಎಡದಂಡೆ ಕಾಲುವೆ ಮಾನ್ವಿಯವರೆಗೂ ಹರಿಯಿತು, ಎರೆಹೊಲ ಗದ್ದೆಯಾಯಿತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಅನ್ನ ಹಬ್ಬದೂಟವಾಗಿದ್ದುದು ದಿನದೂಟವಾಯಿತು, ಮೇಲೆ ಪಡಿತರದ ಅಕ್ಕಿಯೂ ಸೇರಿತು. ನೀರಾವರಿಯನ್ನು ದೂರುತ್ತಿಲ್ಲ, ಹಸಿವನ್ನು ಕಳೆದದ್ದು ಅದೇ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ ನೂರು ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ದಿನಕ್ಕೆ ಬೇಕಾದ್ದು 25ರಿಂದ 30 ಗ್ರಾಂ. ನೂರೈವತ್ತು ಗ್ರಾಮಿನಷ್ಟು ಜೋಳದ ಹಿಟ್ಟಿನ ರೊಟ್ಟಿ ತಿಂದವನಿಗೆ ಅದರಲ್ಲೇ ಅರ್ಧದಷ್ಟು ಸಿಕ್ಕಿತು. ಬೆಳಿಗ್ಗೆ ಮಂಡಾಳ ಒಗ್ಗರಣಿ, ಜೊತೆಗೆ ಮಿರ್ಚಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಮೊಸರು ಎಂದು ಕಳೆದವನಿಗೆ ಲೆಕ್ಕ ಎಲ್ಲಿ ಮುಟ್ಟೀತು?

ಇದೇ ಸೀಮೆಯ ಒಂದು ಐತಿಹ್ಯ ಇಲ್ಲಿ ನೆನಪಾಗುತ್ತದೆ. ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರು ವಿಜಯದಾಸರ ಮನೆಯ ಊಟದ ಕರೆಯನ್ನು ತಪ್ಪಿಸಿಕೊಳ್ಳಲು ಹೊಟ್ಟೆನೋವೆಂದು ನೆಪ ಹೇಳಿದರಂತೆ, ಆ ನೆಪವೇ ನಿಜವಾಗಿ ಕಾಡಿತಂತೆ. ಕೊನೆಗೆ ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು ಮಂತ್ರಿಸಿದ ಜೋಳದ ರೊಟ್ಟಿ ಕೊಟ್ಟು, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದು ಉಳಿಸಿದರು ಎನ್ನುತ್ತಾರೆ. ಆ ಆಚಾರ್ಯರೇ ಮುಂದೆ ಹರಿಕಥಾಮೃತಸಾರದ ಜಗನ್ನಾಥದಾಸರು. ಅದು ಉದರಶೂಲೆಯ ಕಥೆ, ಫಿಶರಿನದಲ್ಲ. ಆದರೂ ಮದ್ದಾಗಿ ಬಂದದ್ದು ರೊಟ್ಟಿ ಎಂಬುದು ನನಗೆ ಇಷ್ಟ.

ನಾರು ಒಂದೇ ಸಾಲದು, ನೀರೂ ಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ, ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತುವ ಮೈ ಬೆವರಿನಲ್ಲಿ ಕಳೆದುಕೊಂಡ ನೀರನ್ನು ಕರುಳಿನಿಂದ ವಾಪಸು ಪಡೆಯುತ್ತದೆ. ಬೇಸಿಗೆಯಲ್ಲಿ ಬಿದ್ದ ರಂಜಾನ್ ಉಪವಾಸವಿರಲಿ, ನೀರೂ ಮುಟ್ಟದ ಏಕಾದಶಿ ಇರಲಿ, ಮಲ ಗಟ್ಟಿಯಾಗುವ ರೀತಿ ಒಂದೇ. ‘ಉಷ್ಣ ಆಗೇದ’ ಎಂದು ನಮ್ಮ ಜನ ಹೇಳುವುದನ್ನು ಕೆಲ ವೈದ್ಯರು ನಗುತ್ತ ತಳ್ಳಿಹಾಕುತ್ತಾರೆ. ನಾನು ನಗುವುದಿಲ್ಲ. ಉಷ್ಣಕ್ಕೆಂದು ನಾಲ್ಕು ಲೋಟ ಮಜ್ಜಿಗೆ ಕುಡಿದವನು ಕಾರಣ ಏನೇ ಹೇಳಲಿ, ಸರಿಯಾದ ಕೆಲಸವನ್ನೇ ಮಾಡಿದ.

ಖಾರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೆಣಸಿನಕಾಯಿ ಬೆಳೆಯುವ, ಅದನ್ನೇ ಉಣ್ಣುವ ಜಿಲ್ಲೆ ಇದು. ಖಾರ ಸೀಳನ್ನು ಹುಟ್ಟಿಸುತ್ತದೆ ಎನ್ನಲು ಆಧಾರ ಕಡಿಮೆ. ಇಟಲಿಯಲ್ಲಿ ಮೂಲವ್ಯಾಧಿ ಇದ್ದವರಿಗೆ ಒಂದು ಸಲ ಮೆಣಸಿನಪುಡಿಯ ಗುಳಿಗೆ ಕೊಟ್ಟು ನೋಡಿದಾಗ ಹೆಚ್ಚಿನ ತೊಂದರೆ ಕಾಣಲಿಲ್ಲ. ಆದರೆ ನಾಗಪುರದ ಶಸ್ತ್ರವೈದ್ಯರೊಬ್ಬರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಫಿಶರ್ ಆದವರಿಗೆ ಖಾರದ ಪುಡಿ ನೋವನ್ನೂ ಉರಿಯನ್ನೂ ಹೆಚ್ಚಿಸಿತ್ತು. ಗಾಯ ಮಾಯುವ ತನಕ ಹಸಿಮೆಣಸಿನಕಾಯಿಯ ಚಟ್ನಿಗೆ ರಜೆ ಕೊಡುವುದು ಒಳ್ಳೆಯದು. ಜನ್ಮಪೂರ್ತಿ ಬಿಡಬೇಕಿಲ್ಲ.

ಊಟ ನೀರುಗಳ ಜೊತೆಗೆ ಇನ್ನೊಂದು ಕಾರಣವಿದೆ. ಅದನ್ನು ಗಂಡಸು ಬರಹಗಾರರು ಹಾರಿಸಿಬಿಡುತ್ತಾರೆ. ಹಳ್ಳಿಯ ಹೆಂಗಸು ಚರಗಿ ಹಿಡಿದು ಬಯಲಿಗೆ ಹೋಗುವುದು ಕತ್ತಲೆಯಲ್ಲಿ ಮಾತ್ರ. ಬೆಳಗಿನ ಕತ್ತಲೆ ತಪ್ಪಿದರೆ ಸಂಜೆಯ ಕತ್ತಲೆಯವರೆಗೆ ತಡೆಯಬೇಕು. ತಡೆಯಬೇಕಾದೀತೆಂದು ನೀರೇ ಕುಡಿಯುವುದಿಲ್ಲ. 2014ರ ನಂತರ ಸ್ವಚ್ಛ ಭಾರತದಲ್ಲಿ ಮನೆಮನೆಗೆ ಶೌಚಾಲಯ ಕಟ್ಟಿಸಿದ್ದು ನಿಜ. ಅದರಲ್ಲಿ ಕಟ್ಟಿಗೆ, ಕುಳ್ಳು, ಗೊಬ್ಬರದ ಚೀಲ ತುಂಬಿರುವುದೂ, ನೀರು ದೂರದಿಂದ ಹೊತ್ತು ತರಬೇಕಾಗಿರುವುದೂ ಅಷ್ಟೇ ನಿಜ. ಗುಳೆ ಹೋದವರದು ಮತ್ತೊಂದು ಕಥೆ. ದೇವದುರ್ಗದಿಂದ ಬೆಂಗಳೂರಿಗೋ ಪುಣೆಗೋ ಹೋಗಿ ಹತ್ತು ಮಹಡಿಯ ಕಟ್ಟಡ ಕಟ್ಟುವ ಹೆಂಗಸಿಗೆ ಆ ಕಟ್ಟಡದ ಯಾವ ಮಹಡಿಯಲ್ಲೂ ಶೌಚಾಲಯವಿರುವುದಿಲ್ಲ. ಕರುಳಿನ ಕರೆ ಬಂದಾಗ ಹೋಗದೆ ತಡೆದರೆ ನಿಧಾನಕ್ಕೆ ಆ ಕರೆಯೇ ಮಂಕಾಗುತ್ತದೆ, ಮಲಬದ್ಧತೆ ಮೈಗೆ ಹತ್ತುತ್ತದೆ.

ಬಸುರಿ ಬಾಣಂತಿಯರಲ್ಲಿ ಫಿಶರ್ ಹೆಚ್ಚು. ಬಸಿರಿನ ಹಾರ್ಮೋನುಗಳು ಕರುಳಿನ ನಡಿಗೆಯನ್ನು ನಿಧಾನಗೊಳಿಸುತ್ತವೆ, ಬೆಳೆದ ಗರ್ಭ ಒತ್ತುತ್ತದೆ, ಹೆರಿಗೆಯೂ ಆ ಭಾಗವನ್ನು ಎಳೆದು ಹಿಗ್ಗಿಸುತ್ತದೆ. ಮೇಲೆ ಆಶಾ ಅಕ್ಕ ಕೊಡುವ ಕಬ್ಬಿಣಾಂಶದ ಗುಳಿಗೆ. ಅದು ಮಲವನ್ನು ಕಪ್ಪಗೂ ಗಟ್ಟಿಯಾಗಿಯೂ ಮಾಡುತ್ತದೆ. ಎಷ್ಟೋ ಜನ ಸದ್ದಿಲ್ಲದೆ ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ರಕ್ತಹೀನತೆ ಮನೆಮನೆಯಲ್ಲಿರುವ ಜಿಲ್ಲೆಯಲ್ಲಿ ಇದು ದುಬಾರಿ ಬೀಳುವ ಮೌನ. ಗುಳಿಗೆ ಬಿಡಬೇಕಿಲ್ಲ, ಮಲ ಮೆತ್ತಗಾಗುವ ಔಷಧಿಯನ್ನು ಜೊತೆಗೆ ಕೇಳಬೇಕು. ಲ್ಯಾಕ್ಟುಲೋಸ್ ಸಿರಪ್ಪು, ಇಸಬ್ಗೋಲ್ ಎರಡೂ ಬಸುರಿಯರಿಗೆ ಕೊಡುವಂಥವೇ.

ಔಡಲೆಣ್ಣೆ ಮಾತ್ರ ಅಂಥದ್ದಲ್ಲ. ಹಿರಿಯರು ವರ್ಷಕ್ಕೊಮ್ಮೆ ಹೊಟ್ಟೆ ತೊಳೆಯಲು ಅದರ ಜುಲಾಬು ತೆಗೆದುಕೊಳ್ಳುತ್ತಿದ್ದರು. ನೋವಿದ್ದವರು ಈಗಲೂ ಅದನ್ನೇ ಹಿಡಿಯುತ್ತಾರೆ. ದಿನಕ್ಕೆ ಎಂಟು ಹತ್ತು ಸಲ ನೀರಾಗಿ ಹೋದರೂ ಆ ಚರ್ಮ ಹರಿಯುತ್ತದೆ, ಗಟ್ಟಿ ಮಲವೇ ಬೇಕೆಂದಿಲ್ಲ. ನಮ್ಮ ಹಳೆಯ ವೈದ್ಯಶಾಸ್ತ್ರ ಇದನ್ನು ಚೆನ್ನಾಗಿ ಬಲ್ಲುದಾಗಿತ್ತು. ಕತ್ತರಿಸಿದಂತೆ ನೋಯುವ ‘ಪರಿಕರ್ತಿಕಾ’ವನ್ನು ಚರಕಸಂಹಿತೆ ಸಿದ್ಧಿಸ್ಥಾನದಲ್ಲಿ ವಮನ ವಿರೇಚನಗಳು, ಅಂದರೆ ಮದ್ದು ಕೊಟ್ಟು ಮಾಡಿಸುವ ವಾಂತಿ ಭೇದಿಗಳು, ಎಡವಟ್ಟಾದಾಗ ಬರುವ ಹತ್ತು ತೊಂದರೆಗಳ ಸಾಲಿನಲ್ಲಿಟ್ಟಿದೆ. ವಿರೇಚನ ಮಾಡಿಸುವ ಶಾಸ್ತ್ರವೇ ಅದರ ಅಪಾಯವನ್ನು ಬರೆದಿಟ್ಟಿರುವಾಗ ಅಂಗಡಿಯ ಜುಲಾಬಿನ ಬಾಟಲಿಯ ಮೇಲೆ ಆ ಮಾತಿಲ್ಲ.

ಮತ್ತೆ ಗೋಡೆಯ ಬರಹಕ್ಕೆ. ‘ಬೆಂಗಾಲಿ ಡಾಕ್ಟರ್’, ‘ಚಾಂದ್ಸಿ ದವಾಖಾನೆ’ ಎಂಬ ಬೋರ್ಡುಗಳನ್ನು ನೋಡದ ಊರಿಲ್ಲ. ಚಾಂದ್ಸಿ ಇಂದಿನ ಬಾಂಗ್ಲಾದೇಶದ ಬಾರಿಸಾಲ್ ಕಡೆಯ ಒಂದು ಹಳ್ಳಿ. ಅಲ್ಲಿನ ಮೂಲವ್ಯಾಧಿ ಚಿಕಿತ್ಸಕರ ಹೆಸರು ಭಾರತದ ತುಂಬ ಹರಡಿತು. ಈಗ ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಬಂಗಾಳದವರೇ ಆಗಿರಬೇಕೆಂದೂ ಇಲ್ಲ. ಇಂಥ ಕಡೆ ನಡೆಯುವುದು ಹೆಚ್ಚಾಗಿ ಎರಡು ಬಗೆ: ಗಂಟು ಕಂಡಲ್ಲಿ ಸುಡುವ ದ್ರವ ಹಚ್ಚುವುದು, ಇಲ್ಲವೆ ಇಂಜೆಕ್ಷನ್ ಚುಚ್ಚುವುದು. ಮೂಲವ್ಯಾಧಿಯ ಗಂಟು ಒಣಗಿಸಲು ಇಂಜೆಕ್ಷನ್ ಕೊಡುವ ಕ್ರಮ ಆಸ್ಪತ್ರೆಯಲ್ಲೂ ಇದೆ, ಅದು ಗಡಿರೇಖೆಯ ಮೇಲೆ, ಅಳತೆಯಲ್ಲಿ. ಫಿಶರ್ ಇದ್ದವನಿಗೆ ಗಡಿಯ ಕೆಳಗೆ ಅದನ್ನೇ ಚುಚ್ಚಿದರೆ ಚರ್ಮ ಕೊಳೆಯಬಹುದು, ಗುಣವಾಗುವಾಗ ದ್ವಾರವೇ ಕಿರಿದಾಗಬಹುದು. ಆಮೇಲೆ ಅದನ್ನು ಸರಿಮಾಡುವ ಶಸ್ತ್ರಕ್ರಿಯೆ ಮೊದಲಿನ ಕಾಯಿಲೆಯದಕ್ಕಿಂತ ಹಲವು ಪಟ್ಟು ಕಷ್ಟದ್ದು.

ಅಲ್ಲಿ ಹೆಚ್ಚಾಗಿ ಸುಟ್ಟುಹಾಕುವ ಗಂಟು ಯಾವುದು ಗೊತ್ತೆ? ಆರರಿಂದ ಎಂಟು ವಾರಕ್ಕೂ ಹಳೆಯದಾದ ಫಿಶರಿನ ಹೊರಅಂಚಿನಲ್ಲಿ ಚರ್ಮ ಊದಿ ಒಂದು ಸಣ್ಣ ಜೋಲು ಬೆಳೆಯುತ್ತದೆ. ಶಸ್ತ್ರವೈದ್ಯರು ಅದನ್ನು ಕಾವಲುಗಾರ ಗಂಟು ಎನ್ನುತ್ತಾರೆ, ಹಿಂದೆ ಸೀಳಿದೆ ಎಂದು ತೋರಿಸುತ್ತ ನಿಂತಿರುತ್ತದೆ. ರೋಗಿಯ ಕೈಗೆ ಸಿಗುವುದು ಇದೇ, ಅವನು ‘ಮೊಳೆ’ ಎಂದು ನಂಬುವುದೂ ಇದನ್ನೇ. ಅದನ್ನು ತೆಗೆದುಹಾಕಿ ‘ನೋಡ್ರಿ, ಪೈಲ್ಸ್ ಬಿತ್ತು’ ಎಂದು ತೋರಿಸಿದರೆ ದುಡ್ಡು ಕೊಟ್ಟವನಿಗೂ ಸಮಾಧಾನ. ಸೀಳು ಇದ್ದಲ್ಲೇ ಇರುತ್ತದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿಯೊಂದು ದವಾಖಾನೆಯೂ ನೋಂದಣಿಯಾಗಿರಬೇಕು. ಆ ನೋಂದಣಿ ಸಂಖ್ಯೆ ಹೊರಗಿನ ಬೋರ್ಡಿನಲ್ಲಿರಬೇಕೆಂದೂ, ಅಲೋಪಥಿಯ ಬೋರ್ಡು ನೀಲಿ, ಆಯುರ್ವೇದದ್ದು ಹಸಿರು ಇರಬೇಕೆಂದೂ ಆರೋಗ್ಯ ಇಲಾಖೆ 2024ರಲ್ಲಿ ಹೇಳಿತು. ಒಳಗೆ ಹೋಗುವ ಮೊದಲು ಬೋರ್ಡಿನ ಮೇಲೆ ಆ ಸಂಖ್ಯೆ ಹುಡುಕುವುದಕ್ಕೆ ನಾಚಿಕೆ ಬೇಕಿಲ್ಲ. ಪದವಿ ಪಡೆದ ಆಯುರ್ವೇದ ಶಸ್ತ್ರವೈದ್ಯರು ಕಟ್ಟುವ ಕ್ಷಾರಸೂತ್ರ ಎಂಬ ಮದ್ದಿನ ದಾರ ಭಗಂದರಕ್ಕೆ, ಅಂದರೆ ಫಿಸ್ಟುಲಾಕ್ಕೆ, ಒಳ್ಳೆಯ ಚಿಕಿತ್ಸೆಯೇ. ಆದರೆ ಅದು ಭಗಂದರಕ್ಕೆ. ಫಿಶರಿಗೆ ದಾರ ಕಟ್ಟುತ್ತೇನೆ ಎಂದವರನ್ನು ಎರಡು ಪ್ರಶ್ನೆ ಕೇಳಿ.

ಚಿಕಿತ್ಸೆಯ ಮೊದಲ ಮೆಟ್ಟಿಲು ಮನೆಯಲ್ಲೇ ಇದೆ, ಅದಕ್ಕೆ ಸಾಕ್ಷಿಯೂ ಗಟ್ಟಿಯಾಗಿದೆ. 1986ರಲ್ಲಿ ಡೆನ್ಮಾರ್ಕಿನ ವೈದ್ಯ ಜೆನ್ಸನ್ ಮೊದಲ ಸಲ ಫಿಶರ್ ಆದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮರಗಟ್ಟಿಸುವ ಲಿಗ್ನೋಕೇನ್ ಮುಲಾಮು, ಇನ್ನೊಂದಕ್ಕೆ ಸ್ಟೀರಾಯ್ಡ್ ಮುಲಾಮು, ಮೂರನೆಯದಕ್ಕೆ ಬೆಚ್ಚನೆ ನೀರಿನ ಟಬ್ಬು ಮತ್ತು ಗೋಧಿತೌಡು. ಮೂರು ವಾರದಲ್ಲಿ ಲಿಗ್ನೋಕೇನ್ ಗುಂಪಿನಲ್ಲಿ 60 ಪ್ರತಿಶತ ಜನರಿಗೆ ಗುಣವಾಗಿತ್ತು, ಸ್ಟೀರಾಯ್ಡ್ ಗುಂಪಿನಲ್ಲಿ 82. ನೀರು ತೌಡಿನ ಗುಂಪಿನಲ್ಲಿ 87. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ‘ಪೈಲ್ಸ್ ಟ್ಯೂಬು’ಗಳಲ್ಲಿ ಎಷ್ಟೋ ಇವೇ ಎರಡು ಮದ್ದುಗಳ ಮಿಶ್ರಣ. ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಮತ್ತೆ ಹರಿಯಲು ಸುಲಭವಾಗುತ್ತದೆ.

ಟಬ್ಬಿನಲ್ಲಿ ಕೂರುವುದು ಸುಲಭ, ಹೇಳಿಕೊಡುವವರು ಕಡಿಮೆ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ, ಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿ ನೀರು. ಸಂಡಾಸಕ್ಕೆ ಹೋಗಿಬಂದ ಮೇಲೆ ಹತ್ತು ಹದಿನೈದು ನಿಮಿಷ, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ. ಬೆಚ್ಚನೆಯ ನೀರಿಗೆ ಆ ಹಟಮಾರಿ ಒಳಸ್ನಾಯು ಸಡಿಲುತ್ತದೆ, ಮಾಡುವ ಕೆಲಸ ಅದೇ. ಡೆಟಾಲ್ ಹಾಕಬಾರದು, ಸಾಬೂನು ಉಜ್ಜಬಾರದು. ಉಪ್ಪು ಹಾಕಲೇಬೇಕೆಂದಿಲ್ಲ. ಗುಜರಾತಿನ ಉಂಝಾದಿಂದ ಬರುವ ಇಸಬ್ಗೋಲನ್ನು ರಾತ್ರಿ ಎರಡು ಚಮಚ ತೆಗೆದುಕೊಳ್ಳುವವರು ಜೊತೆಗೆ ದೊಡ್ಡ ಲೋಟ ನೀರು ಕುಡಿಯಲೇಬೇಕು. ನೀರಿಲ್ಲದ ಇಸಬ್ಗೋಲ್ ಹೊಟ್ಟೆಯಲ್ಲಿ ಹಿಟ್ಟಿನ ಮುದ್ದೆಯಾಗಿ ನಿಲ್ಲುತ್ತದೆ. ಸಂಡಾಸದಲ್ಲಿ ಮುಕ್ಕುತ್ತ ಕೂರಬಾರದು. ರಾಯಚೂರು ಪಟ್ಟಣದಲ್ಲಿ ಕಮೋಡಿನ ಮೇಲೆ ಮೊಬೈಲ್ ಹಿಡಿದು ಅರ್ಧ ಗಂಟೆ ಕೂರುವ ಹೊಸ ಚಾಳಿಯೂ ಬಂದಿದೆ. ಐದು ನಿಮಿಷ ಸಾಕು.

ಇಷ್ಟರಲ್ಲಿ ಗುಣವಾಗದಿದ್ದರೆ ಸ್ನಾಯು ಸಡಿಲಿಸುವ ಮುಲಾಮು. ಇದರ ಹಿಂದೆ ಸಿಡಿಮದ್ದಿನ ಕಥೆಯಿದೆ. ಹಟ್ಟಿ ಚಿನ್ನದ ಗಣಿಯ ಜಿಲ್ಲೆಯವರಿಗೆ ಬಂಡೆ ಸಿಡಿಸುವ ಮದ್ದು ಹೊಸದಲ್ಲ. ಆಲ್ಫ್ರೆಡ್ ನೊಬೆಲ್ ಡೈನಮೈಟ್ ಮಾಡಿದ್ದು ನೈಟ್ರೋಗ್ಲಿಸರಿನ್‌ನಿಂದ. ಆ ಕಾರ್ಖಾನೆಗಳಲ್ಲಿ ರಜೆ ಮುಗಿಸಿ ಬಂದ ಕಾರ್ಮಿಕರಿಗೆ ಸೋಮವಾರ ತಲೆ ಸಿಡಿಯುತ್ತಿತ್ತು, ಏಕೆಂದರೆ ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅದೇ ಗುಣದಿಂದ ಅದು ಎದೆನೋವಿಗೆ ನಾಲಿಗೆಯಡಿ ಇಡುವ ಗುಳಿಗೆಯಾಯಿತು. ದೇಹದಲ್ಲಿ ಅದು ಬಿಡುಗಡೆ ಮಾಡುವ ನೈಟ್ರಿಕ್ ಆಕ್ಸೈಡ್ ಸ್ನಾಯುವಿಗೆ ‘ಸಡಿಲಾಗು’ ಎಂದು ಹೇಳುವ ಸಂದೇಶವಾಹಕ ಎಂದು ಕಂಡುಕೊಂಡವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂತು. ಗುದದ ಒಳಸ್ನಾಯುವೂ ಆ ಮಾತನ್ನು ಕೇಳುತ್ತದೆ. 1997ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವೈದ್ಯರು 0.2 ಪ್ರತಿಶತದ ಮುಲಾಮು ಹಚ್ಚಿ ಎಂಟು ವಾರದಲ್ಲಿ 68 ಪ್ರತಿಶತ ಹಳೆಯ ಫಿಶರ್‌ಗಳನ್ನು ಗುಣಪಡಿಸಿದರು. ಮದ್ದಿಲ್ಲದ ಬರಿಯ ಮುಲಾಮು ಹಚ್ಚಿದವರಲ್ಲಿ ಗುಣವಾದದ್ದು 8 ಪ್ರತಿಶತ ಮಾತ್ರ. ನಂತರದ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಈ ಹುರುಪು ಇಳಿಯಿತು: ಔಷಧಿ ಹಚ್ಚಿದವರಲ್ಲಿ ಸುಮಾರು 49, ಹಚ್ಚದವರಲ್ಲಿ 36. ಲಾಭ ಇದೆ, ಪವಾಡವಿಲ್ಲ. ಡೈನಮೈಟಿನ ತಲೆನೋವೂ ಜೊತೆಗೆ ಬರುತ್ತದೆ. ಅದಕ್ಕೆ ಈಗ ಹೆಚ್ಚಿನ ವೈದ್ಯರು 2 ಪ್ರತಿಶತದ ಡಿಲ್ಟಿಯಾಜೆಮ್ ಇಲ್ಲವೆ ನಿಫೆಡಿಪಿನ್ ಮುಲಾಮು ಬರೆಯುತ್ತಾರೆ. ಗುಣ ಹೆಚ್ಚುಕಡಿಮೆ ಅಷ್ಟೇ, ತಲೆನೋವು ಕಡಿಮೆ. ವಯಾಗ್ರದಂಥ ಗುಳಿಗೆ ತೆಗೆದುಕೊಳ್ಳುವವರು ನೈಟ್ರೋಗ್ಲಿಸರಿನ್ ಹಚ್ಚಲೇಬಾರದು, ರಕ್ತದೊತ್ತಡ ಕುಸಿಯುತ್ತದೆ. ಆ ಗುಳಿಗೆಯ ವಿಷಯವನ್ನೂ ವೈದ್ಯರಿಗೆ ಹೇಳುವವರಿಲ್ಲ.

ಮುಲಾಮು ಬಟಾಣಿಯಷ್ಟು, ದಿನಕ್ಕೆ ಎರಡು ಇಲ್ಲವೆ ಮೂರು ಸಲ, ಆರರಿಂದ ಎಂಟು ವಾರ. ನೋವು ಮೊದಲ ವಾರದಲ್ಲೇ ಇಳಿಯುತ್ತದೆ, ಟ್ಯೂಬು ಅಲ್ಲಿಗೇ ಮೂಲೆ ಸೇರುತ್ತದೆ. ‘ಮದ್ದು ಹಿಡೀಲಿಲ್ಲ’ ಎಂಬ ದೂರಿನಲ್ಲಿ ದೊಡ್ಡ ಪಾಲು ಇಂಥದ್ದೇ ಎಂದು ನನ್ನ ಅನಿಸಿಕೆ.

ಬೊಟಾಕ್ಸ್ ಇಂಜೆಕ್ಷನ್ನೂ ಇದೆ. ಸುಕ್ಕು ಅಳಿಸುವ ಅದೇ ವಸ್ತು ಒಳಸ್ನಾಯುವನ್ನು ಮೂರು ತಿಂಗಳ ಕಾಲ ಸಡಿಲವಾಗಿಡುತ್ತದೆ. ದುಬಾರಿಯಾದ್ದರಿಂದ ತಾಲ್ಲೂಕಿನ ಮಟ್ಟದಲ್ಲಿ ಅದರ ಮಾತು ಬೇಡ.

ಕೊನೆಯದು ಶಸ್ತ್ರಕ್ರಿಯೆ. ಒಂದು ಕಾಲಕ್ಕೆ ಅರಿವಳಿಕೆ ಕೊಟ್ಟು ಬೆರಳುಗಳಿಂದ ಹಿಗ್ಗಿಸಿಬಿಡುತ್ತಿದ್ದರು. ಸ್ನಾಯು ಎಲ್ಲಿ ಎಷ್ಟು ಹರಿಯಿತೆಂದು ತಿಳಿಯದೆ ಹಲವರಿಗೆ ಮಲದ ಹಿಡಿತವೇ ತಪ್ಪುತ್ತಿತ್ತು. 1951ರಲ್ಲಿ ದಕ್ಷಿಣ ಆಫ್ರಿಕದ ಐಸೆನ್‌ಹ್ಯಾಮರ್ ಒಳಸ್ನಾಯುವನ್ನಷ್ಟೇ ಕೊಯ್ಯುವ ದಾರಿ ತೋರಿಸಿದರು. ಅವರು ಹಿಂಬದಿಯಲ್ಲಿ ಕೊಯ್ದರೆ, 1960ರ ದಶಕದ ಕೊನೆಗೆ ಲಂಡನ್ನಿನ ನೊಟಾರಸ್ ಬದಿಯಲ್ಲಿ ಕೊಯ್ಯುವುದನ್ನು ರೂಢಿಗೆ ತಂದರು. ಇಂದಿಗೂ ನಡೆಯುವುದು ಅದೇ. ಗಮನಿಸಿ, ಸೀಳನ್ನು ಮುಟ್ಟುವುದೇ ಇಲ್ಲ. ಬದಿಯಲ್ಲಿ ಸಣ್ಣ ಗಾಯ ಮಾಡಿ ಒಳಸ್ನಾಯುವಿನ ಕೆಳಅಂಚನ್ನು ಸ್ವಲ್ಪ ಕತ್ತರಿಸಿ ಬಿಗಿ ತಪ್ಪಿಸಿದರೆ ಸೀಳು ತಾನಾಗಿ ಮಾಯುತ್ತದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಗುಣ, ಬಹಳ ಜನರಿಗೆ ಮಾರನೆಯ ದಿನವೇ ಆ ಹಿಂಡುವ ನೋವು ಇರುವುದಿಲ್ಲ. ಕೆಲವರಿಗೆ ಗಾಳಿಯ ಮೇಲಿನ ಹಿಡಿತ ಸ್ವಲ್ಪ ಸಡಿಲಾಗುವುದುಂಟು, ಹೆಚ್ಚಿನವರಲ್ಲಿ ಅದು ತಾತ್ಕಾಲಿಕ. ನಾಲ್ಕಾರು ಹೆರಿಗೆಯಾದ ಹೆಂಗಸರಲ್ಲಿ ಸ್ನಾಯು ಮೊದಲೇ ದುರ್ಬಲವಾಗಿರುವುದರಿಂದ ಶಸ್ತ್ರವೈದ್ಯರು ಕೊಯ್ಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ, ಪಕ್ಕದ ಚರ್ಮವನ್ನು ಸರಿಸಿ ಮುಚ್ಚುವಂಥ ಬೇರೆ ದಾರಿ ಹುಡುಕುತ್ತಾರೆ. ಹೆರಿಗೆ ಎಷ್ಟೆಂದು ಕೇಳಿದರೆ ಬೇಸರಪಡಬೇಡಿ. ‘ಲೇಸರ್’ ಎಂದು ದೊಡ್ಡ ಬೋರ್ಡು ಹಾಕಿದವರೂ ಕೊಯ್ಯುವುದಿದ್ದರೆ ಇದೇ ಸ್ನಾಯುವನ್ನೇ ಕೊಯ್ಯಬೇಕು. ಹೆಚ್ಚಾಗುವುದು ಬಿಲ್ಲು. ಸಾಮಾನ್ಯ ಶಸ್ತ್ರವೈದ್ಯರು ಮಾಡುವ ಸಣ್ಣ ಕೆಲಸ ಇದು. 2007ರಲ್ಲಿ ಶುರುವಾದ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಸರ್ಜರಿ ಹೊರರೋಗಿ ವಿಭಾಗಕ್ಕೆ ತೋರಿಸಿಕೊಳ್ಳುವಂಥದು.

ತೋರಿಸಿಕೊಳ್ಳುವ ಭಯ ದೊಡ್ಡದು, ಅದಕ್ಕೆ ಒಂದು ಮಾತು. ಎಡಮಗ್ಗುಲಾಗಿ ಮಲಗಿಸಿ, ಪಿರ್ರೆಗಳನ್ನು ಮೆಲ್ಲಗೆ ಅಗಲಿಸಿ ನೋಡಿದರೆ ಫಿಶರ್ ಕಾಣುತ್ತದೆ. ಅಷ್ಟು ನೋವಿರುವಾಗ ಒಳ್ಳೆಯ ವೈದ್ಯರು ಬೆರಳು ಹಾಕುವುದಿಲ್ಲ, ನಳಿಗೆಯನ್ನೂ ಹಾಕುವುದಿಲ್ಲ. ನೋವು ಇಳಿದ ಮೇಲೆ ನೋಡುತ್ತಾರೆ. ಹೆಂಗಸರು ನರ್ಸಮ್ಮ ಜೊತೆಗಿರಲಿ ಎಂದು ಕೇಳಬಹುದು, ಅದು ಅವರ ಹಕ್ಕು. ಒಳಗೆ ಹೋಗಿ ಪೈಲ್ಸ್ ಎನ್ನುವ ಬದಲು ‘ಸಂಡಾಸಕ್ಕ ಹೋದಾಗ ಕೊಯ್ದಂಗ ಆಗ್ತದ, ಹೋದ ಮ್ಯಾಲ ಎರಡು ತಾಸು ಹಿಂಡತದ’ ಎಂದರೆ ಸಾಕು, ಅರ್ಧ ರೋಗನಿರ್ಣಯ ಆಯಿತು.

ಎಲ್ಲ ಸೀಳೂ ಬರಿಯ ಸೀಳಲ್ಲ ಎಂಬುದನ್ನು ಮರೆಯುವಂತಿಲ್ಲ. ನಡುಗೆರೆ ಬಿಟ್ಟು ಪಕ್ಕದಲ್ಲಿದ್ದರೆ, ಒಂದಕ್ಕಿಂತ ಹೆಚ್ಚಿದ್ದರೆ, ನೋವೇ ಇಲ್ಲದೆ ಮಾಯದ ಹುಣ್ಣಾಗಿದ್ದರೆ, ಕ್ಷಯ, ಕ್ರೋನ್ಸ್ ಎಂಬ ಕರುಳಿನ ಕಾಯಿಲೆ, ಸಿಫಿಲಿಸ್, ಎಚ್‌ಐವಿ, ಕ್ಯಾನ್ಸರ್ ಇವುಗಳನ್ನು ಪರೀಕ್ಷೆ ಮಾಡಿ ತಳ್ಳಿಹಾಕಬೇಕು. ಬಾವು ಬಂದು ಜ್ವರ ಬಂದರೆ ಅದು ಕೀವು, ಅದೇ ದಿನ ಆಸ್ಪತ್ರೆ. ನಡುವಯಸ್ಸು ದಾಟಿದವರಿಗೆ ರಕ್ತ ಹೋಗುತ್ತಿದ್ದು, ತೂಕ ಇಳಿಯುತ್ತಿದ್ದು, ಮಲದ ರೂಢಿ ಬದಲಾಗಿದ್ದರೆ ಫಿಶರ್ ಕಂಡಿತೆಂದು ಅಲ್ಲಿಗೇ ನಿಲ್ಲಬಾರದು, ದೊಡ್ಡಕರುಳನ್ನೂ ನೋಡಿಸಬೇಕು. ಗೋಡೆಬರಹದ ದವಾಖಾನೆಗಳಲ್ಲಿ ವರ್ಷಗಟ್ಟಲೆ ಪೈಲ್ಸೆಂದು ಮದ್ದು ಪಡೆದವರಲ್ಲಿ ಕೆಲವರದು ಗುದನಾಳದ ಕ್ಯಾನ್ಸರ್ ಆಗಿರುತ್ತದೆ.

ಗುಣವಾದ ಫಿಶರ್ ಮರಳಿ ಬರುವುದು ಸಾಮಾನ್ಯ. ಅದೇ ಜೆನ್ಸನ್ 1987ರಲ್ಲಿ ಇದನ್ನೂ ಅಳೆದರು. ವಾಸಿಯಾದವರಿಗೆ ಒಂದು ವರ್ಷ ತೌಡು ತಿನ್ನಿಸಿದರು: ಕೆಲವರಿಗೆ ದಿನಕ್ಕೆ 15 ಗ್ರಾಂ, ಕೆಲವರಿಗೆ ಏಳೂವರೆ, ಉಳಿದವರಿಗೆ ತೌಡಿನಂತೆ ಕಾಣುವ ಬೇರೇನೋ. 15 ಗ್ರಾಂ ತಿಂದವರಲ್ಲಿ 16 ಪ್ರತಿಶತ ಜನರಿಗೆ ಮಾತ್ರ ಮರಳಿತು. ಏಳೂವರೆಯವರಲ್ಲಿ 60, ತೌಡು ತಿನ್ನದವರಲ್ಲಿ 68. ಅಂದರೆ ಅರ್ಧ ಪಥ್ಯ ಹೆಚ್ಚುಕಡಿಮೆ ಪಥ್ಯವಿಲ್ಲದ ಹಾಗೇ. 15 ಗ್ರಾಂ ಗೋಧಿತೌಡು ಎಂದರೆ ಸುಮಾರು ನಾಲ್ಕು ದೊಡ್ಡ ಚಮಚ. ನಮ್ಮಲ್ಲಿ ಅದನ್ನು ಬೂಸಾ ಎಂದು ಚೀಲದಲ್ಲಿ ತುಂಬಿ ಮಾರುತ್ತಾರೆ, ಎಮ್ಮೆಗೆ ಹಾಕುತ್ತೇವೆ.